ಹಾದಿಯ ಬೆಳಕು: ಹಳೆಯ ಬಂಡಿಗಳ ಮಂದ ದೀಪದ ಕಥೆ

ನಮ್ಮ ಅರಕೆರೆಯು ಇಂಗ್ಲಿಷರು ಬರೆದ ಯುದ್ಧದ ಇತಿಹಾಸಗಳಲ್ಲಿ ಹೆಸರು ಪಡೆದಿರುವುದು ಒಂದು ಕತ್ತಲ ರಾತ್ರಿಯ ದೆಸೆಯಿಂದ. 1791ರ ಮಾರ್ಚ್ ತಿಂಗಳಿನಲ್ಲಿ ಬೆಂಗಳೂರಿನ ಕೋಟೆಯನ್ನು ಹಿಡಿದ ಲಾರ್ಡ್ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣವನ್ನು ಮುತ್ತುವ ಉದ್ದೇಶದಿಂದ ಮೇ ತಿಂಗಳ ನಡುವಿಗೆ ಅರಕೆರೆಯ ಬಳಿ ಬಂದು ಬೀಡುಬಿಟ್ಟನು. 14ನೆಯ ತಾರೀಖಿನ ರಾತ್ರಿ ಕತ್ತಲಿನ ಮರೆಯಲ್ಲಿ ಸೇನೆಯನ್ನು ನಡೆಸಿ, ಟಿಪ್ಪುವಿನ ದಂಡಿನ ಮೇಲೆ ಅನಿರೀಕ್ಷಿತವಾಗಿ ಬೀಳಬೇಕೆಂಬುದು ಅವನ ಯೋಜನೆ. ಆದರೆ ಗುಡುಗು ಮಿಂಚುಗಳೊಡನೆ ಮಳೆ ಸುರಿಯಿತು. ಪಡೆಗಳು ದಾರಿಯಲ್ಲಿ ತಡವಾದವು. ಬೆಳಕು ಹರಿಯುವಷ್ಟರಲ್ಲಿ ಗುಟ್ಟು ಗುಟ್ಟಾಗಿ ಉಳಿದಿರಲಿಲ್ಲ. 15ರಂದು ಹಗಲಿನಲ್ಲಿಯೇ ಯುದ್ಧ ನಡೆಯಿತು. ಟಿಪ್ಪು ಹಿಂದೆ ಸರಿದು ಪಟ್ಟಣದ ಕೋಟೆಯನ್ನು ಸೇರಿದನು. ಕಾರ್ನ್‌ವಾಲಿಸನಾದರೋ ಎತ್ತುಗಳಿಗೆ ಮೇವಿಲ್ಲದೆ, ಸೈನಿಕರಿಗೆ ದವಸವಿಲ್ಲದೆ, ತನ್ನ ಭಾರಿ ಫಿರಂಗಿಗಳನ್ನು ತಾನೇ ನಾಶಮಾಡಿಸಿ ಬೆಂಗಳೂರಿಗೆ ಹಿಂದಿರುಗಬೇಕಾಯಿತು.

ಇದನ್ನು ಇಲ್ಲಿ ಏಕೆ ಹೇಳಿದೆನೆಂದರೆ, ರಾತ್ರಿಯ ದಾರಿಯೆಂಬುದು ಸಾಮ್ರಾಜ್ಯಗಳ ಲೆಕ್ಕಾಚಾರವನ್ನೂ ತಲೆಕೆಳಗು ಮಾಡಬಲ್ಲದು. ನಮ್ಮಂಥ ಸಾಮಾನ್ಯರ ಪಾಡಂತೂ ಹೇಳಬೇಕಾದುದಿಲ್ಲ. ಈಚೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ದೂರವಾಣಿಯಲ್ಲಿ ಒಂದು ಪ್ರಶ್ನೆ ಕೇಳಿದರು. ತಂದೆಯವರ ಕಾಲದ ಮೋಟಾರು ಸೈಕಲ್ಲನ್ನು ರಿಪೇರಿ ಮಾಡಿಸಿ ಓಡಿಸುತ್ತಿದ್ದಾರಂತೆ. ಎಂಜಿನ್ನು ಸೊಗಸಾಗಿದೆ, ಹೆಡ್‌ಲೈಟು ಮಾತ್ರ ಮಿಣುಕು ಹುಳುವಿನಂತಿದೆ, ಎಷ್ಟು ವ್ಯಾಟಿನ ಬಲ್ಬು ಹಾಕಿಸಲಿ ಮೇಷ್ಟ್ರೇ, ಎಂಬುದು ಅವರ ಪ್ರಶ್ನೆ. ಬಲ್ಬಿನ ಹೆಸರು ಹೇಳಿ ಮುಗಿಸಬಹುದಾಗಿತ್ತು. ಆದರೆ ಈ ಪ್ರಶ್ನೆಗೆ ಒಂದು ದೊಡ್ಡ ಇತಿಹಾಸವಿದೆ, ಅದರ ಬಹುಪಾಲು ನಮ್ಮ ಸೀಮೆಯಲ್ಲಿಯೇ ನಡೆದಿದೆ. ಅದನ್ನು ತಿಳಿದರೆ ಉತ್ತರ ತಾನಾಗಿ ಹೊಳೆಯುತ್ತದೆಂದು ನನ್ನ ನಂಬಿಕೆ.

ನಾವು ಚಿಕ್ಕವರಾಗಿದ್ದಾಗ ರಾತ್ರಿಯ ರಸ್ತೆಯಲ್ಲಿ ಕಾಣುತ್ತಿದ್ದ ಬೆಳಕೆಂದರೆ ಎತ್ತಿನ ಗಾಡಿಯ ಅಡಿಯಲ್ಲಿ, ಅಚ್ಚಿನ ಬಳಿ ತೂಗುಬಿಟ್ಟ ಸೀಮೆಎಣ್ಣೆಯ ಲಾಟೀನು. ಗಾಡಿ ಅಲುಗಿದಂತೆಲ್ಲ ಲಾಟೀನೂ ಅಲುಗಿ, ಚಕ್ರದ ಅರೆಕಾಲುಗಳ ನೆರಳು ಇಕ್ಕೆಲದ ಬೇಲಿಗಳ ಮೇಲೆ ದೈತ್ಯಾಕಾರವಾಗಿ ತಿರುಗುತ್ತಿತ್ತು. ಆ ದೀಪದಿಂದ ಗಾಡಿ ಹೊಡೆಯುವವನಿಗೆ ದಾರಿ ಕಾಣುತ್ತಿರಲಿಲ್ಲ. ಅವನಿಗೆ ಅದು ಬೇಕಾಗಿಯೂ ಇರಲಿಲ್ಲ. ಗಂಟೆಗೆ ಮೂರು ನಾಲ್ಕು ಕಿಲೋಮೀಟರ್ ನಡೆಯುವ ಎತ್ತುಗಳಿಗೆ ದಾರಿ ಗೊತ್ತಿತ್ತು, ಅನೇಕ ವೇಳೆ ಯಜಮಾನನು ನೊಗದ ಹಿಂದೆ ನಿದ್ದೆ ಹೋಗಿರುತ್ತಿದ್ದನು. ಲಾಟೀನು ಇದ್ದುದು ತಾನು ಕಾಣುವುದಕ್ಕಲ್ಲ, ಬೇರೆಯವರಿಗೆ ಕಾಣಿಸಿಕೊಳ್ಳುವುದಕ್ಕೆ. ವಾಹನದ ದೀಪಕ್ಕೆ ಕೆಲಸ ಎರಡು: ನೋಡುವುದು ಒಂದು, ಕಾಣಿಸಿಕೊಳ್ಳುವುದು ಇನ್ನೊಂದು. ಮುಂದಿನ ಕಥೆಯಲ್ಲಿ ಈ ಎರಡನೆಯದನ್ನು ನಾವು ಮತ್ತೆ ಮತ್ತೆ ಮರೆತಿದ್ದೇವೆ.

ವೇಗ ಹೆಚ್ಚಿದಾಗಲೇ ನೋಡುವ ದೀಪ ಬೇಕಾದದ್ದು. ಬೈಸಿಕಲ್ಲಿಗೆ ಮೊದಲು ಎಣ್ಣೆಯ ದೀಪ ಬಂದಿತು, ಆಮೇಲೆ ಕಾರ್ಬೈಡ್ ದೀಪ. 1892ರಲ್ಲಿ ಥಾಮಸ್ ವಿಲ್ಸನ್ ಎಂಬಾತನು ಅಮೆರಿಕದಲ್ಲಿ ಬೇರೆ ಏನನ್ನೋ ತಯಾರಿಸಲು ಹೋಗಿ ಕ್ಯಾಲ್ಸಿಯಂ ಕಾರ್ಬೈಡನ್ನು ಅಗ್ಗವಾಗಿ ತಯಾರಿಸುವ ಬಗೆಯನ್ನು ಕಂಡುಕೊಂಡನು. ಈ ಬೂದು ಬಣ್ಣದ ಕಲ್ಲಿನ ಮೇಲೆ ನೀರು ಹನಿಹನಿಯಾಗಿ ಬಿದ್ದರೆ ಅಸಿಟಿಲೀನ್ ಅನಿಲ ಹುಟ್ಟುತ್ತದೆ, ಅದು ಬಿಳುಪಾದ ಪ್ರಕಾಶಮಾನ ಜ್ವಾಲೆಯಿಂದ ಉರಿಯುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದ ಮೋಟಾರುಗಳೂ ಸೈಕಲ್ಲುಗಳೂ ಈ ದೀಪವನ್ನು ಹೊತ್ತು ಓಡಿದವು. ನೀರಿನ ತಿರುಪನ್ನು ಹೆಚ್ಚು ತಿರುಗಿಸಿದರೆ ಜ್ವಾಲೆ ಭುಗಿಲೇಳುವುದು, ಕಡಿಮೆ ಮಾಡಿದರೆ ಆರುವುದು. ಹೊರಡುವ ಮುನ್ನ ಕಡ್ಡಿ ಗೀರಿ ಹಚ್ಚಬೇಕು, ಊರು ಸೇರಿದ ಮೇಲೆ ಬೂದಿ ಕೊಡವಿ ತೊಳೆಯಬೇಕು. ಅದರ ಘಾಟು ವಾಸನೆಯನ್ನು ನಮ್ಮ ಹಿರಿಯರು ಎಂದೂ ಮರೆತವರಲ್ಲ.

ನಮ್ಮ ಪೀಳಿಗೆಯದು ಡೈನಮೋ. ಟೈರಿಗೆ ಒತ್ತಿಕೊಂಡು ತಿರುಗುವ ಸೀಸೆಯಾಕಾರದ ಆ ಪುಟ್ಟ ಯಂತ್ರವು ಆರು ವೋಲ್ಟಿನಲ್ಲಿ ಮೂರು ವ್ಯಾಟ್ ವಿದ್ಯುತ್ತನ್ನು ಕೊಡುತ್ತಿತ್ತು. ದೀಪ ಹಾಕಿದೊಡನೆ ಪೆಡಲು ಭಾರವಾಗುತ್ತಿತ್ತು. ಬೆಳಕು ಬಿಟ್ಟಿಯಾಗಿ ಬರುವುದಿಲ್ಲ, ಅದಕ್ಕೆ ಶಕ್ತಿ ವ್ಯಯವಾಗಬೇಕು ಎಂಬ ಭೌತಶಾಸ್ತ್ರದ ಮೊದಲ ಪಾಠವನ್ನು ಹಳ್ಳಿಯ ಹುಡುಗರು ಕಾಲಿನಿಂದಲೇ ಕಲಿತರು. ವೇಗವಾಗಿ ತುಳಿದರೆ ಬೆಳಕು ಪ್ರಖರ, ಏರು ಹತ್ತುವಾಗ ಮಂಕು, ನಿಂತರೆ ಕತ್ತಲು. ಪಟ್ಟಣಗಳಲ್ಲಿ ದೀಪವಿಲ್ಲದ ಸೈಕಲ್ಲನ್ನು ಪೊಲೀಸರು ಹಿಡಿಯುತ್ತಿದ್ದ ಕಾಲವದು. ಗಾಳಿ ಬಿಟ್ಟು ಕಳುಹಿಸುತ್ತಿದ್ದುದೂ ಉಂಟು.

ಇಲ್ಲಿ ಒಂದು ಸೋಜಿಗವನ್ನು ಗಮನಿಸಬೇಕು. ಇಂದಿನ ನಮ್ಮ ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿಗೆ ಸೇರಿದ ಶಿವನಸಮುದ್ರದಲ್ಲಿ 1902ರಲ್ಲಿಯೇ ಕಾವೇರಿಯ ನೀರಿನಿಂದ ವಿದ್ಯುತ್ತು ಉತ್ಪಾದನೆಯಾಯಿತು. ಅದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು, 1908ರಲ್ಲಿ ಮೈಸೂರು ನಗರ. ನಮ್ಮ ಹಳ್ಳಿಗಳವರು ಮಾತ್ರ ತಮ್ಮ ಹೊಳೆಯ ನೀರಿನಿಂದ ಹುಟ್ಟಿದ ಬೆಳಕಿಗಾಗಿ ದಶಕಗಳ ಕಾಲ ಕಾಯಬೇಕಾಯಿತು. ಅಷ್ಟು ದೂರಕ್ಕೆ ವಿದ್ಯುತ್ತನ್ನು ಸಾಗಿಸಿದ ಬಗೆ ಹೇಗೆ? ಅದನ್ನು ಹತ್ತಾರು ಸಾವಿರ ವೋಲ್ಟಿಗೆ ಏರಿಸಿ ತಂತಿಗೆ ಬಿಟ್ಟರು. ವೋಲ್ಟೇಜು ಹೆಚ್ಚಿದಷ್ಟೂ ಅಷ್ಟೇ ಶಕ್ತಿಗೆ ಬೇಕಾಗುವ ವಿದ್ಯುತ್ ಪ್ರವಾಹ ಕಡಿಮೆ. ಪ್ರವಾಹ ಅರ್ಧವಾದರೆ ತಂತಿಯಲ್ಲಿ ಬಿಸಿಯಾಗಿ ಸೋರಿಹೋಗುವ ಶಕ್ತಿ ಕಾಲು ಭಾಗವಾಗುತ್ತದೆ. ಈ ಸೂತ್ರವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಹಳೆಯ ಮೋಟಾರು ಸೈಕಲ್ಲಿನ ಮಂದ ದೀಪದ ಗುಟ್ಟು ಇದೇ.

ಮೋಟಾರು ವಾಹನಗಳಿಗೆ ವಿದ್ಯುದ್ದೀಪ ಸರಿಯಾಗಿ ಬಂದದ್ದು 1912ರಿಂದೀಚೆಗೆ. ಆ ವರ್ಷ ಅಮೆರಿಕದ ಕ್ಯಾಡಿಲಾಕ್ ಕಂಪನಿಯು ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವ್ಯವಸ್ಥೆಯನ್ನು ತನ್ನ ಕಾರುಗಳಿಗೆ ಅಳವಡಿಸಿತು. ಸ್ಟಾರ್ಟ್ ಮಾಡುವುದಕ್ಕೂ ದೀಪಕ್ಕೂ ಒಂದೇ ಬ್ಯಾಟರಿ. ಫೋರ್ಡ್ ಕಂಪನಿಯ ಪ್ರಸಿದ್ಧ ಮಾಡೆಲ್ ಟಿ ಕಾರಿಗೆ 1915ರಲ್ಲಿ ವಿದ್ಯುದ್ದೀಪ ಬಂದಿತು. ಆದರೆ ಅದಕ್ಕೆ ವಿದ್ಯುತ್ತು ನೇರವಾಗಿ ಎಂಜಿನ್ನಿನ ಮ್ಯಾಗ್ನೆಟೋದಿಂದ. ಎಂಜಿನ್ನು ಜೋರಾಗಿ ತಿರುಗಿದರೆ ದೀಪ ಪ್ರಖರ, ನಿಧಾನವಾದರೆ ಮಂಕು. ಸ್ಕೂಟರು, ಮೊಪೆಡ್ಡು ಓಡಿಸಿದವರಿಗೆ ಇದು ಚಿರಪರಿಚಿತ. ಗುಂಡಿ ಬಿದ್ದ ರಸ್ತೆಯಲ್ಲಿ ನಿಧಾನವಾಗಿ ಹೋಗಬೇಕು, ಬೆಳಕು ಹೆಚ್ಚು ಬೇಕಾದದ್ದು ಆಗಲೇ. ಆದರೆ ನಿಧಾನವಾದೊಡನೆ ಬೆಳಕೂ ಕೈಬಿಡುತ್ತದೆ. ಕ್ಲಚ್ಚು ಹಿಡಿದು ಆಕ್ಸಿಲರೇಟರ್ ತಿರುಚಿ, ಎಂಜಿನ್ನನ್ನು ಸುಮ್ಮನೆ ಕೂಗಿಸಿ ಗುಂಡಿಯನ್ನು ನೋಡುವ ವಿದ್ಯೆಯನ್ನು ನಮ್ಮಲ್ಲಿ ಅನೇಕರು ಕಲಿತದ್ದು ಹೀಗೆ.

ನಮ್ಮ ಭಾಗದ ಮೋಟಾರು ಸೈಕಲ್ಲಿನ ಕಥೆಯೆಂದರೆ ಬಹುಮಟ್ಟಿಗೆ ಜಾವಾದ ಕಥೆ. ಮೂಲ ಜಾವಾ ಚೆಕೊಸ್ಲೊವಾಕಿಯದ್ದು. 1929ರಲ್ಲಿ ಯಾನೆಚೆಕ್ ಎಂಬುವರು ಜರ್ಮನಿಯ ವಾಂಡರರ್ ಕಂಪನಿಯ ಮೋಟಾರು ಸೈಕಲ್ ವಿಭಾಗವನ್ನು ಕೊಂಡಾಗ ಎರಡೂ ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿ ಈ ಹೆಸರನ್ನಿಟ್ಟರು. ಮೈಸೂರಿನಲ್ಲಿ ಇರಾನಿ ಕುಟುಂಬದವರು 1960ರಲ್ಲಿ ಐಡಿಯಲ್ ಜಾವಾ ಕಂಪನಿಯನ್ನು ಸ್ಥಾಪಿಸಿದರು. ಯಾದವಗಿರಿಯ ಕಾರ್ಖಾನೆಯಿಂದ 1961ರಲ್ಲಿ ಬಂಡಿಗಳು ಹೊರಬರತೊಡಗಿದವು. 1970ರ ದಶಕದಲ್ಲಿ ಹೆಸರು ಯೆಜ್ಡಿಯಾಯಿತು, ಇರಾನಿನ ಯಾಜ್ದ್ ನಗರದ ನೆನಪಿಗೆ. 1978ರಲ್ಲಿ ರೋಡ್‌ಕಿಂಗ್ ಬಂದಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲದ ಕಡೆಗಳಲ್ಲಿ ಕಬ್ಬು, ಭತ್ತ ಬೆಳೆದು ನಾಲ್ಕು ಕಾಸು ಕಂಡ ರೈತನ ಮನೆಯ ಮುಂದೆ ನಿಂತ ಮೊದಲ ಯಂತ್ರವಾಹನ ಅನೇಕ ವೇಳೆ ಇದೇ ಆಗಿರುತ್ತಿತ್ತು. ಕಿಕ್ಕರ್ರೇ ಗೇರ್ ಲಿವರ್ರೂ ಆಗುವ ಅದರ ಚಮತ್ಕಾರವನ್ನು ಕಾಣಲು ನಾವು ಹುಡುಗರು ಗುಂಪುಗೂಡುತ್ತಿದ್ದೆವು. ಜಾವಾ ಹೆಸರಿನ ಬಂಡಿಗಳು 2018ರಲ್ಲಿ, ಯೆಜ್ಡಿ ಹೆಸರಿನವು 2022ರಲ್ಲಿ ಬೇರೆ ಕಂಪನಿಯವರಿಂದ ಮರಳಿ ಬಂದಿವೆ. ಆದರೆ ಹಳೆಯವನ್ನು ಜೋಪಾನವಾಗಿ ಓಡಿಸುವವರ ಬಳಗ ಮೈಸೂರಿನಲ್ಲಿ ಇನ್ನೂ ದೊಡ್ಡದಾಗಿಯೇ ಇದೆ.

ಆ ಹಳೆಯ ಜಾವಾಗಳದು ಆರು ವೋಲ್ಟಿನ ವ್ಯವಸ್ಥೆ. ಡೈನಮೋ ಕೊಡುತ್ತಿದ್ದುದು ಒಟ್ಟು 45 ವ್ಯಾಟ್. ಆ ಕಾಲಕ್ಕೆ ಇದು ಹೀನವೇನೂ ಅಲ್ಲ, ಲೋಕವೆಲ್ಲ ಹಾಗೆಯೇ ಇತ್ತು. ಸೀಸ ಮತ್ತು ಆಮ್ಲದ ಬ್ಯಾಟರಿಯ ಒಂದೊಂದು ಕೋಶ ಎರಡು ವೋಲ್ಟ್ ಕೊಡುತ್ತದೆ. ಮೂರು ಕೋಶಗಳಾದರೆ ಆರು ವೋಲ್ಟ್, ಹಗುರ, ಅಗ್ಗ. ಅಮೆರಿಕದ ಕಾರುಗಳೇ ಹನ್ನೆರಡು ವೋಲ್ಟಿಗೆ ಬದಲಾದದ್ದು 1950ರ ದಶಕದ ನಡುವಿನಲ್ಲಿ, ಫೋಕ್ಸ್‌ವ್ಯಾಗನ್ ಬೀಟಲ್ ಬಹುಮಟ್ಟಿಗೆ 1960ರ ದಶಕದಲ್ಲಿ. ನಮ್ಮ ರಾಜದೂತ್, ಬುಲೆಟ್, ಹಳೆಯ ಬಜಾಜ್ ಸ್ಕೂಟರು, ಎಲ್ಲವೂ ಆರು ವೋಲ್ಟಿನ ಕಾಲವನ್ನು ಕಂಡವೇ.

ಈಗ ಸ್ವಲ್ಪ ಲೆಕ್ಕ ಮಾಡೋಣ. ನನ್ನ ತರಗತಿಯಲ್ಲಿ ಕುಳಿತಿದ್ದವರಿಗೆ ಓಮ್‌ನ ನಿಯಮ ಮರೆತಿರಲಾರದು. ಹೆಡ್‌ಲೈಟಿನ ಬಲ್ಬು 35 ವ್ಯಾಟಿನದೆಂದು ಇಟ್ಟುಕೊಳ್ಳೋಣ. ಆರು ವೋಲ್ಟಿನಲ್ಲಿ ಅದು ಸುಮಾರು 5.8 ಆಂಪಿಯರ್ ಎಳೆಯುತ್ತದೆ, ಹನ್ನೆರಡು ವೋಲ್ಟಿನಲ್ಲಿ 2.9 ಆಂಪಿಯರ್ ಮಾತ್ರ. ಸ್ವಿಚ್ಚಿನ ಕಿಲುಬು, ಸಡಿಲವಾದ ಜೋಡಣೆ, ತುಕ್ಕು ಹಿಡಿದ ಅರ್ತ್ ಬೋಲ್ಟು, ಇವೆಲ್ಲ ಸೇರಿ 0.2 ಓಮ್ ರೋಧ ಒಡ್ಡಿದವೆನ್ನಿ. ನೋಡಲು ಇದು ಲೆಕ್ಕಕ್ಕೇ ಬಾರದ ಅಂಕಿ. ಆದರೆ ಆರು ವೋಲ್ಟಿನ ಬಂಡಿಯಲ್ಲಿ ಬಲ್ಬಿಗೆ ತಲುಪುವುದು ಸುಮಾರು 5 ವೋಲ್ಟ್, ಹನ್ನೆರಡು ವೋಲ್ಟಿನ ಬಂಡಿಯಲ್ಲಿ 11.4 ವೋಲ್ಟ್. ಇಷ್ಟಕ್ಕೇ ಮುಗಿಯಲಿಲ್ಲ. ತಂತುವಿನ ಬಲ್ಬಿನ ಬೆಳಕು ವೋಲ್ಟೇಜಿನೊಡನೆ ಸಮಪ್ರಮಾಣದಲ್ಲಿ ಇಳಿಯುವುದಿಲ್ಲ, ವೋಲ್ಟೇಜಿನ ಸುಮಾರು 3.4ರ ಘಾತದಲ್ಲಿ ಇಳಿಯುತ್ತದೆ. ಲೆಕ್ಕ ಹಾಕಿದರೆ ಹನ್ನೆರಡು ವೋಲ್ಟಿನ ಬಂಡಿ ತನ್ನ ಬೆಳಕಿನಲ್ಲಿ ಶೇಕಡಾ 15ನ್ನು ಕಳೆದುಕೊಂಡರೆ, ಆರು ವೋಲ್ಟಿನ ಬಂಡಿ ಶೇಕಡಾ 45ನ್ನು ಕಳೆದುಕೊಳ್ಳುತ್ತದೆ. ದೋಷ ಒಂದೇ, ದಂಡ ಮೂರು ಪಟ್ಟು. ಶಿವನಸಮುದ್ರದ ಎಂಜಿನಿಯರುಗಳು ಹೆದರಿದ್ದ ಸೋರಿಕೆ ಇದೇ.

ಕಡಿಮೆಯಾದ ಬೆಳಕು ರಸ್ತೆಯ ಮೇಲೆ ಏನಾಗುತ್ತದೆ? ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುವುದರಿಂದ ಎರಡರಷ್ಟು ದೂರ ಕಾಣಬೇಕಾದರೆ ನಾಲ್ಕರಷ್ಟು ಬೆಳಕು ಬೇಕು. ಸರಿಯಾಗಿದ್ದಾಗ 40 ಮೀಟರ್ ತೋರುತ್ತಿದ್ದ ದೀಪ, ಶೇಕಡಾ 55ರಷ್ಟು ಬೆಳಕಿನಲ್ಲಿ ಸ್ಥೂಲವಾಗಿ 30 ಮೀಟರ್ ತೋರೀತು. ಇನ್ನು ಬಂಡಿಯನ್ನು ನಿಲ್ಲಿಸುವ ಮಾತು. ಅಡ್ಡಿಯನ್ನು ಕಂಡು ಬ್ರೇಕು ಒತ್ತುವಷ್ಟರಲ್ಲಿ ಒಂದೂವರೆ ಸೆಕೆಂಡು ಕಳೆಯುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಅಷ್ಟರೊಳಗೆ ಸುಮಾರು 17 ಮೀಟರ್ ಓಡಿರುತ್ತೇವೆ, ಆಮೇಲೆ ನಿಲ್ಲಲು ಇನ್ನು 12 ಮೀಟರ್ ಬೇಕು. ಒಟ್ಟು 29 ಮೀಟರ್. 50 ಕಿಲೋಮೀಟರ್ ವೇಗಕ್ಕೆ ಇದು 40 ಮೀಟರ್, 60ಕ್ಕೆ 53 ಮೀಟರ್. ಅಂದರೆ 40 ಮೀಟರ್ ಕಾಣುವವನು 50ರ ವೇಗದಲ್ಲಿ ಹೋಗಬಹುದು, 30 ಮೀಟರ್ ಕಾಣುವವನು 40ನ್ನು ದಾಟಬಾರದು. ಒಂದು ಬೋಲ್ಟಿನ ತುಕ್ಕು ಹತ್ತು ಕಿಲೋಮೀಟರ್ ವೇಗವನ್ನು ನಮ್ಮಿಂದ ಕಸಿದುಕೊಂಡಿದೆ. ಆದರೆ ಬೆಳಕು ಕಡಿಮೆಯಾಯಿತೆಂದು ವೇಗವನ್ನು ಇಳಿಸುವವರು ಯಾರು? ಮಂಕು ಬೆಳಕು ದಿನದಿನಕ್ಕೂ ಅಷ್ಟಷ್ಟೇ ಮಂಕಾಗುವುದರಿಂದ ಕಣ್ಣು ಅದಕ್ಕೆ ಒಗ್ಗಿಬಿಡುತ್ತದೆ.

ಇದು ಕಾಗದದ ಮೇಲಿನ ಲೆಕ್ಕ ಮಾತ್ರವಲ್ಲವೆಂಬುದನ್ನು ನಮ್ಮ ಮನೆತನದವರು ಬಲ್ಲರು. 1980ರ ದಶಕದ ಒಂದು ಚಳಿಗಾಲದಲ್ಲಿ, ಆಲೆಮನೆಗಳು ಹಗಲಿರುಳು ನಡೆಯುವ ದಿನಗಳಲ್ಲಿ, ನನ್ನ ಚಿಕ್ಕಪ್ಪನವರು ತಮ್ಮ ಹಳೆಯ ಮೋಟಾರು ಸೈಕಲ್ಲಿನಲ್ಲಿ ರಾತ್ರಿ ಊರಿಗೆ ಬರುತ್ತಿದ್ದರು. ಆಲೆಮನೆಗೆ ಕಬ್ಬು ಹೊತ್ತ ಗಾಡಿಯೊಂದು ರಸ್ತೆಯ ಅಂಚಿನಲ್ಲಿ ನಿಂತಿತ್ತು. ಗಾಡಿಯ ಅಡಿಯಲ್ಲಿ ಲಾಟೀನಿರಲಿಲ್ಲ. ಎದುರಿನಿಂದ ಬಂದ ಲಾರಿಯ ಬೆಳಕು ಚಿಕ್ಕಪ್ಪನವರ ಕಣ್ಣಿಗೆ ಹೊಡೆದು, ಅದು ದಾಟಿದ ಮರುಕ್ಷಣ ತಮ್ಮ ದೀಪದಲ್ಲಿ ಏನೂ ಕಾಣದೆ ಹೋಯಿತು. ಚಿಕ್ಕಪ್ಪನವರಿಗೆ ತೋಳು ಮುರಿಯಿತು, ಮೂರು ತಿಂಗಳಲ್ಲಿ ಕೂಡಿಕೊಂಡಿತು. ಗಾಡಿಯ ಹಿಂದೆ ನಿಂತು ಹಗ್ಗ ಬಿಗಿಯುತ್ತಿದ್ದ ರೈತನ ಸೊಂಟಕ್ಕೆ ಪೆಟ್ಟಾಗಿ, ಆತ ಮತ್ತೆ ನೇಗಿಲು ಹಿಡಿಯಲಿಲ್ಲ. ಆತನ ಹಿರಿಯ ಮಗ ಶಾಲೆ ಬಿಟ್ಟು ಬೇಸಾಯಕ್ಕೆ ನಿಂತನು. ಬಂಡಿಯನ್ನು ರಿಪೇರಿಗೆ ಬಿಟ್ಟಾಗ ಮೆಕ್ಯಾನಿಕ್ಕು ಹೆಡ್‌ಲೈಟಿನ ಡೂಮಿನೊಳಗೆ ಕಂಡದ್ದು ಅರ್ತ್ ತಂತಿಯ ತುದಿಯಲ್ಲಿ ಕಟ್ಟಿದ್ದ ತುಕ್ಕು. ಒಂದು ತುಂಡು ಉಪ್ಪುಕಾಗದದಲ್ಲಿ ಉಜ್ಜಿ ಬಿಗಿದೊಡನೆ ದೀಪ ಎಂದೂ ಕಾಣದಷ್ಟು ಪ್ರಕಾಶವಾಗಿ ಉರಿಯಿತು. ಲಾಟೀನಿಗೆ ಬೇಕಾಗಿದ್ದುದು ಒಂದು ಹಿಡಿಯಷ್ಟು ಸೀಮೆಎಣ್ಣೆ. ಎರಡು ಕುಟುಂಬಗಳ ಸಂಕಟದ ಹಿಂದೆ ಇದ್ದುದು ಇಷ್ಟೇ.

ಆದ್ದರಿಂದಲೇ ಮಂದ ದೀಪಕ್ಕೆ ಮೊದಲ ಮದ್ದು ದೊಡ್ಡ ಬಲ್ಬಲ್ಲ. 1962ರಲ್ಲಿ ಯೂರೋಪಿನಲ್ಲಿ ವಾಹನಗಳಿಗಾಗಿ ಹ್ಯಾಲೊಜೆನ್ ಬಲ್ಬು ಬಂದಿತು, 1971ರಲ್ಲಿ ಎರಡು ತಂತುಗಳ ಎಚ್4 ಬಲ್ಬು. ನಮ್ಮ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಯಜಮಾನರು ಇದಕ್ಕೆ ಮಾರುಹೋದರು. 60/55 ವ್ಯಾಟಿನದು ಸಾಲದೆಂದು 100/90 ವ್ಯಾಟಿನದನ್ನು ಹಾಕಿಸಿದವರೂ ಇದ್ದರು. ಹಳೆಯ ಸಣ್ಣ ತಂತಿಯಲ್ಲಿಯೇ ಇಷ್ಟು ಪ್ರವಾಹ ಹರಿದಾಗ ಸೋರಿಕೆ ಇನ್ನೂ ಹೆಚ್ಚಿತು. ಸ್ವಿಚ್ಚುಗಳು ಸುಟ್ಟವು, ಹೋಲ್ಡರುಗಳು ಕರಗಿದವು. ಒಡೆದ ನಾಲೆಗೆ ಮೇಲಿನಿಂದ ಹೆಚ್ಚು ನೀರು ಬಿಟ್ಟಂತಾಯಿತು, ಕೊನೆಯ ಗದ್ದೆಗೆ ನೀರು ಮುಟ್ಟಲಿಲ್ಲ. 45 ವ್ಯಾಟಿನ ಡೈನಮೋ ಇರುವ ಬಂಡಿಗೆ ದೊಡ್ಡ ಬಲ್ಬು ಹಾಕಿದರಂತೂ ಬ್ಯಾಟರಿ ದಿನೇ ದಿನೇ ಬರಿದಾಗಿ, ಒಂದು ರಾತ್ರಿ ದೀಪದೊಡನೆ ಎಂಜಿನ್ನೂ ನಿಲ್ಲುತ್ತದೆ.

ಸರಿಯಾದ ಕ್ರಮವನ್ನು ಅನುಭವಸ್ಥ ಮೆಕ್ಯಾನಿಕ್ಕುಗಳು ಹೀಗೆ ಹೇಳುತ್ತಾರೆ. ಮೊದಲು ಗಾಜನ್ನು ಒಳಗೂ ಹೊರಗೂ ನೋಡಬೇಕು. ಅನಂತರ ರಿಫ್ಲೆಕ್ಟರ್. ಅದರ ಬೆಳ್ಳಿಯ ಹೊಳಪು ಹೋಗಿ ಕಂದಾಗಿದ್ದರೆ ಯಾವ ಬಲ್ಬೂ ಪ್ರಯೋಜನವಿಲ್ಲ, ರಿಫ್ಲೆಕ್ಟರನ್ನೇ ಬದಲಿಸಬೇಕು. ಬಟ್ಟೆಯಿಂದ ಉಜ್ಜಿದರೆ ಇದ್ದ ಹೊಳಪೂ ಹೋಗುತ್ತದೆ. ಮೂರನೆಯದು ಅರ್ತ್ ತಂತಿ. ಚಾಸಿಯ ಬಣ್ಣವನ್ನು ಕೆರೆದು, ಬರಿಯ ಲೋಹಕ್ಕೆ ಬಿಗಿಯಾಗಿ ಕೂರಿಸಬೇಕು. ನಾಲ್ಕನೆಯದು ಸ್ವಿಚ್ಚು ಮತ್ತು ಜೋಡಣೆಗಳ ಕಿಲುಬು. ಐದನೆಯದು ಬ್ಯಾಟರಿ, ಡೈನಮೋ ಬ್ರಷ್ಷುಗಳು, ರೆಗ್ಯುಲೇಟರು. ಎಂಜಿನ್ನು ಓಡುತ್ತಿರುವಾಗ ಬ್ಯಾಟರಿಯಲ್ಲಿ ಎಷ್ಟು ವೋಲ್ಟ್ ಇದೆ, ಬಲ್ಬಿನ ಹೋಲ್ಡರಿನಲ್ಲಿ ಎಷ್ಟಿದೆ ಎಂದು ಮೀಟರಿನಲ್ಲಿ ಅಳೆದರೆ ನಡುವಿನ ವ್ಯತ್ಯಾಸವೇ ಸೋರಿಕೆ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇರೆ ಇಲ್ಲ.

ಬ್ಯಾಟರಿಯಿರುವ ಬಂಡಿಗೂ ಹಳೆಯ ಕಾರಿಗೂ ರಿಲೇ ಹಾಕಿಸುವುದು ಇದರ ಮುಂದಿನ ಹೆಜ್ಜೆ. ರಿಲೇ ಎಂಬುದು ಹತ್ತೊಂಬತ್ತನೆಯ ಶತಮಾನದ ತಂತಿ ಸಂದೇಶದ ಕೊಡುಗೆ. ದೂರದಿಂದ ಬಳಲಿ ಬಂದ ಸಣ್ಣ ಪ್ರವಾಹವು ಹೊಸ ಪ್ರವಾಹವೊಂದರ ಬಾಗಿಲನ್ನು ತೆರೆದು ತಾನು ನಿಂತುಬಿಡುತ್ತದೆ. ಹಾಗೆಯೇ ಇಲ್ಲಿಯೂ ಹಳೆಯ ಸ್ವಿಚ್ಚು ರಿಲೇಗೆ ಅಪ್ಪಣೆಯನ್ನಷ್ಟೇ ಕೊಡುತ್ತದೆ. ದೀಪದ ಪ್ರವಾಹವೆಲ್ಲ ಬ್ಯಾಟರಿಯಿಂದ ಫ್ಯೂಸಿನ ಮೂಲಕ ದಪ್ಪ ತಂತಿಯಲ್ಲಿ ನೇರವಾಗಿ ಬಲ್ಬಿಗೆ ಹೋಗುತ್ತದೆ. ಅದೇ ಹಳೆಯ ಬಲ್ಬು ಹೊಸದರಂತೆ ಬೆಳಗುತ್ತದೆ. ಬ್ಯಾಟರಿಯಿಲ್ಲದೆ ಎಂಜಿನ್ನಿನಿಂದ ನೇರ ಬೆಳಗುವ ದೀಪಗಳಿಗೆ ಇದು ಹಾಗೆಯೇ ಹೊಂದುವುದಿಲ್ಲ. ಅಂಥ ಬಂಡಿಗೆ ಹನ್ನೆರಡು ವೋಲ್ಟಿನ ವ್ಯವಸ್ಥೆಯನ್ನೇ ಅಳವಡಿಸಬೇಕಾದರೆ ಬಲ್ಲವರ ಕೈಯಲ್ಲಿ ಮಾಡಿಸುವುದು ಲೇಸು. ಇಷ್ಟೆಲ್ಲ ಆದ ಮೇಲೆಯೇ ಬಲ್ಬಿನ ಮಾತು.

ಬಲ್ಬಿನ ಮಾತಿಗೆ ಬಂದರೆ ಇಂದು ಎಲ್ಲರ ಬಾಯಲ್ಲಿಯೂ ಎಲ್‌ಇಡಿ. ನೀಲಿ ಎಲ್‌ಇಡಿಯನ್ನು ಸಾಧಿಸಿದ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ನೊಬೆಲ್ ಬಂದದ್ದು ನ್ಯಾಯವೇ. ಕಡಿಮೆ ವಿದ್ಯುತ್ತಿನಲ್ಲಿ ಇಷ್ಟು ಬೆಳಕು ಕೊಡುವ ಸಾಧನ ಹಿಂದೆ ಇರಲಿಲ್ಲ. ಆದರೆ ಹತ್ತನೆಯ ತರಗತಿಯ ನಿಮ್ನ ದರ್ಪಣದ ಪಾಠವನ್ನು ನೆನಪಿಸಿಕೊಳ್ಳಿ. ಸಂಗಮ ಬಿಂದುವಿನಲ್ಲಿಟ್ಟ ದೀಪದ ಕಿರಣಗಳು ಸಮಾಂತರವಾಗಿ ಹೊರಡುತ್ತವೆ, ಅದರಿಂದ ಸ್ವಲ್ಪ ಸರಿದರೂ ಚದುರುತ್ತವೆ. ಹಳೆಯ ರಿಫ್ಲೆಕ್ಟರನ್ನು ರೂಪಿಸಿದವನು ಕೂದಲೆಳೆಯಂಥ ತಂತು ಇಂಥ ಜಾಗದಲ್ಲಿಯೇ ಇರುತ್ತದೆಂದು ಲೆಕ್ಕ ಹಾಕಿದ್ದನು. ಅಲ್ಲಿಗೆ ಅಗಲವಾದ ಚಿಪ್ಪುಗಳ ಅಗ್ಗದ ಎಲ್‌ಇಡಿಯನ್ನು ತುರುಕಿದರೆ ಬೆಳಕು ರಸ್ತೆಯ ಮೇಲೆ ಬೀಳದೆ ಮರದ ಕೊಂಬೆಗಳ ಮೇಲೆಯೂ ಎದುರು ಬರುವವರ ಕಣ್ಣಿನ ಮೇಲೆಯೂ ಬೀಳುತ್ತದೆ. ಬಂಡಿಯ ಮುಂದಿನ ನಾಲ್ಕು ಮಾರು ಹಗಲಿನಂತೆ ಬೆಳಗುವುದರಿಂದ ಓಡಿಸುವವನಿಗೆ ಸಂತೋಷ. ಆದರೆ ಅವನಿಗೆ ಬೇಕಾದ 40ನೆಯ ಮೀಟರಿನಲ್ಲಿ ಕತ್ತಲೆಯೇ ಇರುತ್ತದೆ. ಹೊಳಪು ಬೇರೆ, ಬೆಳಕು ಬೇರೆ.

ಎದುರಿನವರ ಕಣ್ಣಿನ ಚಿಂತೆ ದೀಪದಷ್ಟೇ ಹಳೆಯದು. ಒಂದೇ ಬಲ್ಬಿನಲ್ಲಿ ಎರಡು ತಂತುಗಳನ್ನಿಟ್ಟು, ಒಂದನ್ನು ದೂರಕ್ಕೂ ಇನ್ನೊಂದನ್ನು ತಗ್ಗಿಗೂ ಬಳಸುವ ಬಗೆಯನ್ನು ಜರ್ಮನಿಯ ಓಸ್ರಾಮ್ ಕಂಪನಿ 1920ರ ದಶಕದಲ್ಲಿಯೇ ತಂದಿತು. ನಾವು ಡಿಮ್ ಅಂಡ್ ಡಿಪ್ ಎನ್ನುವುದು ಇದನ್ನೇ. ನಮ್ಮ ಲಾರಿ, ಬಸ್ಸುಗಳವರು ಹೆಡ್‌ಲೈಟಿನ ಗಾಜಿನ ಮೇಲ್ಭಾಗಕ್ಕೆ ಕಪ್ಪು ಬಳಿಯುತ್ತಿದ್ದುದು ನಿಮಗೆ ನೆನಪಿರಬಹುದು, ಅದರ ಉದ್ದೇಶವೂ ಇದೇ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಮುಂದಿನ ದೀಪದ ಬೆಳಕು ಎದುರಿನವರ ಕಣ್ಣು ಕೋರೈಸದಂತೆ ಕೆಳಕ್ಕೆ ಬಾಗಿರಬೇಕೆಂದು ವಿಧಿಸುತ್ತವೆ. 2024ರ ಜುಲೈ ತಿಂಗಳಿನಲ್ಲಿ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ಪ್ರಕರಣ ದಾಖಲಿಸಲು ತೊಡಗಿದ್ದು ಪತ್ರಿಕೆಗಳಲ್ಲಿ ಬಂದಿತು. ನನ್ನ ವಯಸ್ಸಿನವರಿಗೆ ಇದರ ಬಾಧೆ ಹೆಚ್ಚು. ಅರವತ್ತರ ಕಣ್ಣಿನ ಒಳಪರದೆಯನ್ನು ಮುಟ್ಟುವ ಬೆಳಕು ಇಪ್ಪತ್ತರ ಕಣ್ಣಿಗೆ ಹೋಲಿಸಿದರೆ ಸುಮಾರು ಮೂರನೇ ಒಂದು ಭಾಗವೆಂದು ನೇತ್ರಶಾಸ್ತ್ರದವರು ಹೇಳುತ್ತಾರೆ. ಬಂದ ಬೆಳಕೂ ಮಸೂರದಲ್ಲಿ ಚದುರಿ ಮಂಜು ಕವಿದಂತಾಗುತ್ತದೆ. ನಮಗೆ ಬೆಳಕೂ ಹೆಚ್ಚು ಬೇಕು, ಎದುರಿನ ಬೆಳಕು ಹೆಚ್ಚು ನೋಯಿಸುತ್ತದೆ ಕೂಡ.

ಆದ್ದರಿಂದ ದೀಪವನ್ನು ಬಲಪಡಿಸಿದ ಮೇಲೆ ಅದನ್ನು ಗುರಿಗೆ ಹೊಂದಿಸುವುದು ಕರ್ತವ್ಯ. ಸಮತಟ್ಟಾದ ನೆಲದಲ್ಲಿ ಹತ್ತು ಮೀಟರ್ ದೂರದ ಗೋಡೆಗೆ ಬಂಡಿಯನ್ನು ಎದುರಾಗಿ ನಿಲ್ಲಿಸಿ, ಎಂದಿನ ಸವಾರರು ಕುಳಿತು, ತಗ್ಗಿಸಿದ ದೀಪವನ್ನು ಹಚ್ಚಿ ನೋಡಬೇಕು. ಬೆಳಕಿನ ಮೇಲಂಚು ದೀಪದ ಎತ್ತರಕ್ಕಿಂತ ಸುಮಾರು ಹತ್ತು ಸೆಂಟಿಮೀಟರ್ ಕೆಳಗಿದ್ದರೆ ಸರಿ. ಸ್ಕ್ರೂಡ್ರೈವರ್ ಹಿಡಿದರೆ ಹತ್ತು ನಿಮಿಷದ ಕೆಲಸ, ಖರ್ಚು ಏನೂ ಇಲ್ಲ.

2017ರ ಏಪ್ರಿಲ್ಲಿನಿಂದ ತಯಾರಾಗುವ ದ್ವಿಚಕ್ರ ವಾಹನಗಳಲ್ಲಿ ಹಗಲಿನಲ್ಲಿಯೂ ದೀಪ ಉರಿಯುತ್ತಲೇ ಇರುವುದನ್ನು ನೀವು ಕಂಡಿದ್ದೀರಿ. ಹಗಲಿನಲ್ಲಿ ಯಾರಿಗೆ ದಾರಿ ಕಾಣಬೇಕಾಗಿದೆ? ಅದು ಕಾಣಿಸಿಕೊಳ್ಳುವುದಕ್ಕಾಗಿ ಇರುವ ದೀಪ. ಗಾಡಿಯ ಅಡಿಯ ಲಾಟೀನಿನ ಬುದ್ಧಿ ನೂರು ವರ್ಷಗಳ ಬಳಿಕ ಸರ್ಕಾರದ ನಿಯಮವಾಗಿ ಮರಳಿದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಅದೇ ವರ್ಷದ ಆಗಸ್ಟ್‌ನಿಂದ ದ್ವಿಚಕ್ರ ವಾಹನಕ್ಕೂ ಟ್ರ್ಯಾಕ್ಟರಿಗೂ ಪ್ರವೇಶವಿಲ್ಲ. ಅವೆಲ್ಲ ಈಗ ಸರ್ವಿಸ್ ರಸ್ತೆಗಳಲ್ಲಿಯೂ ನಮ್ಮ ಬನ್ನೂರು ರಸ್ತೆಯಂಥ ಹಳೆಯ ದಾರಿಗಳಲ್ಲಿಯೂ ಒಟ್ಟಿಗೆ ಸಾಗಬೇಕು. ಅಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರಿನ ಟ್ರೈಲರು ಹಿಂದಿನ ದೀಪವಿಲ್ಲದೆ ನಿಂತಿರುತ್ತದೆ, ಕಬ್ಬಿನ ಸೋಗೆ ಇದ್ದ ರಿಫ್ಲೆಕ್ಟರನ್ನೂ ಮುಚ್ಚಿರುತ್ತದೆ.

ಹಳೆಯ ಬಂಡಿಯ ದೀಪವನ್ನು ಉತ್ತಮಪಡಿಸಲು ಕೇಳಿದ ಶಿಷ್ಯರಿಗೆ ನನ್ನ ಉತ್ತರ ಇಷ್ಟು: ಮೊದಲು ಸೋರಿಕೆಯನ್ನು ನಿಲ್ಲಿಸಿ, ಅನಂತರ ಗುರಿಯನ್ನು ಹೊಂದಿಸಿ, ಕೊನೆಗೆ ಬೇಕೆನಿಸಿದರೆ ಬಲ್ಬನ್ನು ಬದಲಿಸಿ. ಅಷ್ಟಾದ ಮೇಲೆ ಕಾಣುವಷ್ಟು ದೂರಕ್ಕೆ ತಕ್ಕ ವೇಗದಲ್ಲಿ ಹೋಗಿ. ಊರಿನಲ್ಲಿರುವವರಿಗೆ ಇನ್ನೊಂದು ಮಾತು. ಈ ಸಲದ ಕಬ್ಬಿನ ಕಟಾವು ಶುರುವಾಗುವ ಮುಂಚೆ ನಿಮ್ಮ ಮನೆಯ ಗಾಡಿಯ, ಟ್ರೈಲರಿನ ಹಿಂಬದಿಗೆ ಕೆಂಪು ರಿಫ್ಲೆಕ್ಟರ್ ಪಟ್ಟಿಯನ್ನು ಸೋಗೆ ಮುಚ್ಚದಷ್ಟು ಕೆಳಗೆ ಅಂಟಿಸಿಬಿಡಿ. ಅದಕ್ಕೆ ಬ್ಯಾಟರಿ ಬೇಡ, ತಂತಿ ಬೇಡ. ಹಿಂದಿನಿಂದ ಬರುವವನ ದೀಪ ಎಷ್ಟೇ ಮಂದವಾಗಿದ್ದರೂ ಅದರ ಬೆಳಕನ್ನೇ ಅವನಿಗೆ ಮರಳಿಸುತ್ತದೆ.